ಕುತಂತ್ರಿ ಪ್ರಧಾನಿಯ ಪಾತ್ರ ಕಟ್ಟುವ ಬಗೆ: ಮಲೆನಾಡಿನ ಹವ್ಯಾಸಿ ನಟರಿಗೆ

ಪ್ರಧಾನಿಯ ಪಾತ್ರ ಸಿಕ್ಕಿತೆಂದ ಕೂಡಲೇ ಅನೇಕ ಹವ್ಯಾಸಿ ನಟರು ಕನ್ನಡಿ ಮುಂದೆ ನಿಂತು ಒಂದು ಹುಬ್ಬು ಏರಿಸಿ ತುಟಿಯಂಚಿನಲ್ಲಿ ನಗುವುದನ್ನು ಕಲಿಯತೊಡಗುತ್ತಾರೆ. ಆ ನಗು ರಂಗದ ಮೇಲೆ ಬಂದರೆ ನಾಟಕಕ್ಕೇ ಪೆಟ್ಟು. ಈತ ಮೋಸಗಾರ ಎಂದು ಕೊನೆಯ ಸಾಲಿನಲ್ಲಿ ಕೂತ ಮಗುವಿಗೂ ತಿಳಿಯುತ್ತದೆ, ಪಕ್ಕದಲ್ಲೇ ಇರುವ ರಾಜನಿಗೆ ಮಾತ್ರ ತಿಳಿಯುವುದಿಲ್ಲ. ಆಗ ರಾಜ ದಡ್ಡನಾಗಿಬಿಡುತ್ತಾನೆ. ದಡ್ಡನನ್ನು ಯಾಮಾರಿಸಿದ ಪ್ರಧಾನಿಯ ಬುದ್ಧಿಗೂ ಬೆಲೆ ಇರುವುದಿಲ್ಲ.

ಪ್ರಧಾನಿ ಇಲ್ಲದೆ ರಾಜನಿಗೆ ಒಂದು ದಿನವೂ ನಡೆಯದು ಎಂದು ಪ್ರೇಕ್ಷಕರಿಗೆ ಮೊದಲ ಅಂಕದಲ್ಲೇ ಅನ್ನಿಸಬೇಕು. ಲೆಕ್ಕ ಗೊತ್ತಿರುವವನು, ಗಡಿಯ ಸುದ್ದಿ ಮೊದಲು ತರುವವನು, ರಾತ್ರಿ ಕರೆದರೂ ಬರುವವನು ಅವನೇ. ಕುತಂತ್ರ ಈ ಉಪಯುಕ್ತತೆಯ ಒಳಗೇ ಬೆಳೆಯುತ್ತದೆ. ಮುಂದೆ ಹೇಳುವುದೆಲ್ಲ ಇದನ್ನು ಸಾಧಿಸುವ ದಾರಿ.

ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತಂಡಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಉದಾಹರಣೆಗೆ ಕೆಳದಿ ಅರಸರ ಕಾಲದ ಒಬ್ಬ ಕಲ್ಪಿತ ಪ್ರಧಾನಿಯನ್ನು ತೆಗೆದುಕೊಂಡಿದ್ದೇವೆ. ತಾಲೀಮಿಗೆ ಆರು ವಾರ, ಸಂಜೆ ಎರಡೆರಡು ಗಂಟೆ ಸಿಗುತ್ತದೆ ಎಂದು ಲೆಕ್ಕ.

ಮೊದಲ ವಾರ: ಬಾಯಿಪಾಠಕ್ಕೆ ಮುಂಚೆ

ಮಾತು ಬಾಯಿಪಾಠ ಮಾಡಲು ಅವಸರ ಬೇಡ. ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಪುಟಕ್ಕೆ ಮೂರು ಕಂಬ ಎಳೆಯಿರಿ. ಮೊದಲನೆಯದರಲ್ಲಿ ನಾಟಕದ ಮಾತು, ಎರಡನೆಯದರಲ್ಲಿ ಆ ಮಾತಿನಿಂದ ಅವನಿಗೆ ಆಗಬೇಕಾದ ಕೆಲಸ, ಮೂರನೆಯದರಲ್ಲಿ ಆ ಹೊತ್ತಿಗೆ ಅವನು ಬಾಯಿ ಬಿಡದೆ ಇಟ್ಟುಕೊಂಡ ಸಂಗತಿ.

ಉದಾಹರಣೆಗೆ ಮೊದಲ ಕಂಬದಲ್ಲಿ “ಬೊಕ್ಕಸದಲ್ಲಿ ಮುಂದಿನ ಸುಗ್ಗಿಯವರೆಗೆ ಸಾಕಾಗುವಷ್ಟಿದೆ, ಪ್ರಭು” ಎಂದಿದೆ ಎನ್ನಿ. ಎರಡನೆಯದರಲ್ಲಿ “ದಂಡಿಗೆ ಹೊಸ ಆಳು ಸೇರಿಸುವ ಮಾತು ಇವತ್ತಿಗೆ ನಿಲ್ಲಬೇಕು” ಎಂದು ಬರೆಯಿರಿ. ಮೂರನೆಯದರಲ್ಲಿ “ಘಟ್ಟದ ಕೆಳಗಿನಿಂದ ಬಂದ ಸುಂಕ ಇನ್ನೂ ಲೆಕ್ಕಕ್ಕೆ ಹತ್ತಿಲ್ಲ” ಎಂದು. ಇಷ್ಟು ಬರೆದ ಮೇಲೆ ಆ ಸಾಲನ್ನು ಹೇಗೆ ಹೇಳಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯ ಕಂಬದಲ್ಲಿ ಕ್ರಿಯಾಪದ ಇರಲೇಬೇಕು: ನಿಲ್ಲಿಸು, ತಡ ಮಾಡಿಸು, ಹೆದರಿಸು, ಹೊಗಳಿ ಒಪ್ಪಿಸು. “ಸಿಟ್ಟು”, “ಅಸೂಯೆ” ಎಂದು ಬರೆದರೆ ರಂಗದ ಮೇಲೆ ಮುಖ ಕಿವುಚುವುದಷ್ಟೇ ನಡೆಯುತ್ತದೆ. ಮೂರನೆಯ ಕಂಬ ಹಲವು ಕಡೆ ಖಾಲಿ ಉಳಿದರೆ ಗಾಬರಿ ಬೇಡ. ಅಲ್ಲಿ ಅವನು ನಿಜ ಹೇಳುತ್ತಿದ್ದಾನೆ ಎಂದರ್ಥ. ಒಳ್ಳೆಯ ಕುತಂತ್ರಿ ಹತ್ತು ಮಾತಿಗೆ ಒಂಬತ್ತು ನಿಜವೇ ಆಡುತ್ತಾನೆ. ಆ ಒಂಬತ್ತನ್ನು ನಟ ಪೂರ್ತಿ ನಿಜವಾಗಿಯೇ ಹೇಳಬೇಕು, ಎಲ್ಲದಕ್ಕೂ ಎಣ್ಣೆ ಸವರಬಾರದು.

ಇದೇ ವಾರ ರಾಜನ ಪಾತ್ರಧಾರಿಯ ಜೊತೆ ಒಂದು ಸಂಜೆ ಕೂರಿ. ಪ್ರತಿ ದೃಶ್ಯದಲ್ಲಿ ರಾಜ ಒಪ್ಪಿಕೊಳ್ಳುವುದು ಯಾಕೆ ಎಂಬ ಪ್ರಶ್ನೆಗೆ ಅವರಿಂದಲೇ ಉತ್ತರ ಬರಲಿ. “ಪ್ರಧಾನಿ ಹೇಳಿದನಲ್ಲ, ಅದಕ್ಕೆ” ಎಂಬುದು ಉತ್ತರವಲ್ಲ. ಬೊಕ್ಕಸ ಬರಿದಾಗುವ ಭಯ, ಮನೆಯೊಳಗಿನ ದಾಯಾದಿ, ಹಿಂದೊಮ್ಮೆ ಈತನ ಸಲಹೆ ಫಲಿಸಿದ ನೆನಪು, ಇಂಥ ಗಟ್ಟಿ ಕಾರಣ ಬೇಕು. ಈ ಮಾತುಕತೆ ಆಗದೆ ತಾಲೀಮಿಗೆ ಇಳಿದ ತಂಡಗಳಲ್ಲಿ ಮೂರನೆಯ ವಾರಕ್ಕೆ ರಾಜನ ಪಾತ್ರಧಾರಿ ಬೇಸರಪಟ್ಟುಕೊಂಡು ತನ್ನ ಸಾಲುಗಳಿಗೆ ಸುಮ್ಮನೆ ಗರ್ಜನೆ ಸೇರಿಸಲು ಶುರುಮಾಡುತ್ತಾರೆ.

ಕಾಲದ ನೆಲ ತಿಳಿಯುವುದು

ಪ್ರಧಾನಿ ರಾಜಕಾರಣ ಬಲ್ಲವನು. ನಟನಿಗೆ ಆ ಕಾಲದ ರಾಜಕಾರಣ ತಿಳಿಯದಿದ್ದರೆ ಮಾತು ಟೊಳ್ಳಾಗುತ್ತದೆ. ನಮ್ಮ ಭಾಗದಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ.

ಕೆಳದಿಯಲ್ಲಿ ಶುರುವಾದ ಮನೆತನ ಇಕ್ಕೇರಿಗೂ ಅಲ್ಲಿಂದ ಬಿದನೂರಿಗೂ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೂ, ರಾಜಧಾನಿ ಬದಲಿಸಿತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಜಮೀನಿನ ಗುಣ ನೋಡಿ ಕಂದಾಯ ನಿಗದಿ ಮಾಡಿದ. ಅದೇ “ಶಿಸ್ತು”. ಕರಾವಳಿಯಲ್ಲಿ ಪೋರ್ಚುಗೀಸರ ಕೈಯಲ್ಲಿದ್ದ ಕೋಟೆಗಳ ಮೇಲೂ ಕಣ್ಣಿಟ್ಟು ಗೆದ್ದ. ಅವನು ತೀರಿಕೊಂಡ ಮೇಲೆ ನಾಲ್ಕೈದು ವರ್ಷದೊಳಗೆ ಗದ್ದುಗೆ ಮತ್ತೆ ಮತ್ತೆ ಕೈಬದಲಾಗಿ ಸೋಮಶೇಖರ ನಾಯಕನಿಗೆ ಬಂತು. 1671ರಲ್ಲಿ ಅವನ ಕೊಲೆಯಾಗಿ, ಆಮೇಲೆ ಕಾಲು ಶತಮಾನ ಅವನ ರಾಣಿ ಚೆನ್ನಮ್ಮ ಆಳಿದಳು. ಸಲಹೆಗಾರನಿಗೆ ಬಲ ಬರುವುದೇ ಇಂಥ ಸಂದಿಯಲ್ಲಿ. ಗದ್ದುಗೆ ಗಟ್ಟಿಯಾಗಿದ್ದಾಗ ಪ್ರಧಾನಿ ಲೆಕ್ಕ ಬರೆಯುತ್ತಾನೆ, ಅಲುಗಾಡಿದಾಗ ಅರಸನನ್ನೇ ಆರಿಸಲು ಹೊರಡುತ್ತಾನೆ. ನಿಮ್ಮ ನಾಟಕ ಯಾವ ವರ್ಷದಲ್ಲಿ ನಡೆಯುತ್ತದೆ, ಆ ಹೊತ್ತಿಗೆ ಗದ್ದುಗೆ ಎಷ್ಟು ಗಟ್ಟಿ ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

ಇನ್ನೊಂದು ಪ್ರಸಂಗ 1763ರದು. ಹೈದರ್ ಅಲಿ ಬಿದನೂರನ್ನು ಹಿಡಿದಾಗ, ಹಿಂದೆ ಮಂತ್ರಿಯಾಗಿದ್ದು ಸೆರೆ ಸೇರಿದ್ದ ಲಿಂಗಣ್ಣ ಎಂಬವನು ಕೋಟೆಯೊಳಗಿನ ಗುಟ್ಟಿನ ದಾರಿ ತೋರಿಸಿಕೊಟ್ಟ ಎಂದು ಇತಿಹಾಸ ಗ್ರಂಥಗಳು ಹೇಳುತ್ತವೆ. ಅಧಿಕಾರ ಕಳೆದುಕೊಂಡ ಮಂತ್ರಿಯ ಬಳಿ ಉಳಿಯುವ ಆಸ್ತಿ ಎಂಥದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಒಂದು ಎಚ್ಚರ. ನಾಟಕಕಾರರು ಕಲ್ಪಿಸಿದ ಕುತಂತ್ರವನ್ನು ನಿಜವಾಗಿ ಬದುಕಿದ್ದ ಪ್ರಧಾನಿಯ ಹೆಸರಿಗೆ ಅಂಟಿಸಬೇಡಿ. ಸಾಗರ, ಹೊಸನಗರದ ಪ್ರೇಕ್ಷಕರಲ್ಲಿ ಕೆಳದಿ ಇತಿಹಾಸ ಓದಿಕೊಂಡವರು ಬಹಳ ಮಂದಿ ಇದ್ದಾರೆ. ಕಲ್ಪಿತ ಹೆಸರು ಇಟ್ಟರೆ ನಟನಿಗೂ ಸ್ವಾತಂತ್ರ್ಯ, ಇತಿಹಾಸಕ್ಕೂ ನ್ಯಾಯ.

ಒಂದು ಭಾನುವಾರ ಇಡೀ ತಂಡ ನಗರದ ಕೋಟೆಗೋ ಕವಲೇದುರ್ಗಕ್ಕೋ ಹೋಗಿಬನ್ನಿ. ಶಿವಮೊಗ್ಗದವರಿಗೆ ಶಿವಪ್ಪ ನಾಯಕನ ಅರಮನೆ ಹತ್ತಿರವೇ ಇದೆ. ಅಲ್ಲಿನ ಮರದ ಕಂಬಗಳ ನಡುವೆ ನಿಂತು ನೋಡಿ: ಕೂತವನಿಗೆ ಕಾಣದಂತೆ ನಿಲ್ಲಲು ಎಷ್ಟು ಜಾಗಗಳಿವೆ, ಮೆಲ್ಲಗೆ ಆಡಿದ ಮಾತು ಎಲ್ಲಿಯವರೆಗೆ ಕೇಳುತ್ತದೆ. ಇದನ್ನು ಓದಿ ತಿಳಿಯಲಾಗದು.

ಎರಡನೆಯ ವಾರ: ತಾಳಮದ್ದಳೆಯ ಪಾಠ

ಮಲೆನಾಡಿನ ನಟನಿಗೆ ಬೇರೆ ಬಹಳ ಕಡೆಯವರಿಗೆ ಸಿಗದ ಒಂದು ಶಾಲೆ ಮನೆಬಾಗಿಲಲ್ಲೇ ಇದೆ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಮಾತಿನಿಂದ ಪಾತ್ರವನ್ನು ನಿಲ್ಲಿಸಬೇಕು. ಮಳೆಗಾಲದಲ್ಲಿ ನಮ್ಮೂರುಗಳಲ್ಲಿ ಕೂಟಗಳು ನಡೆಯುತ್ತವೆ. ಸಂಧಾನದ ಪ್ರಸಂಗ, ಶಕುನಿ ಬರುವ ಪ್ರಸಂಗ ಇದ್ದರೆ ಬಿಡದೆ ಹೋಗಿ.

ಅಲ್ಲಿ ಗಮನಿಸಬೇಕಾದದ್ದು ಒಂದೇ. ನುರಿತ ಅರ್ಥಧಾರಿ ಎದುರಾಳಿಯ ವಾದವನ್ನು ಮೊದಲು ತಾನೇ ಎತ್ತಿ, ಎದುರಾಳಿಗಿಂತ ಚೆನ್ನಾಗಿ ಹೇಳಿ, “ನೀನು ಹೇಳುವುದು ಇದೇ ತಾನೆ?” ಎಂದು ಕೇಳಿ ಒಪ್ಪಿಗೆ ಪಡೆಯುತ್ತಾನೆ. ಕೆಡವುವ ಕೆಲಸ ಅದರ ನಂತರ. ಪ್ರಧಾನಿಯ ಇಡೀ ಕೌಶಲ ಇದರಲ್ಲಿದೆ. ರಾಜನ ಮನಸ್ಸಿನಲ್ಲಿರುವುದನ್ನು ರಾಜನಿಗಿಂತ ಸ್ಪಷ್ಟವಾಗಿ ಹೇಳುವವನನ್ನು ರಾಜ ನಂಬದೆ ಹೇಗಿದ್ದಾನು?

ಇದಕ್ಕೊಂದು ಅಭ್ಯಾಸ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ಕೆಳದಿ ಸೀಮೆಗೆ ಬಂದು ಆಶ್ರಯ ಕೇಳಿದ. ಚೆನ್ನಮ್ಮ ಕೊಟ್ಟಳು. ಔರಂಗಜೇಬನ ದಂಡು ಬಂತು, ಅವಳು ಎದುರಿಸಿದಳು. ನೀವು ಆಶ್ರಯ ಕೊಡಬಾರದು ಎನ್ನುವ ಪ್ರಧಾನಿಯಾಗಿ ಐದು ನಿಮಿಷ ಮಾತಾಡಿ. ಜಯ ಯಾರದಾಯಿತೆಂದು ತಿಳಿದ ನಮಗೆ ಆ ಪ್ರಧಾನಿ ಹೇಡಿಯಂತೆ ಕಾಣಬಹುದು. ಆದರೆ ಆ ದಿನ ಬಿದನೂರಿನಲ್ಲಿ ಕೂತು ಯೋಚಿಸಿ. ಉತ್ತರದಲ್ಲಿ ಬಿಜಾಪುರ, ಗೋಲ್ಕೊಂಡಗಳೇ ಎರಡು ಮೂರು ವರ್ಷದ ಹಿಂದೆ ಬಿದ್ದಿವೆ, ದಕ್ಷಿಣದಲ್ಲಿ ಮೈಸೂರಿನ ಒಡೆಯರು ಹೊಂಚುತ್ತಿದ್ದಾರೆ. ಬೇರೆಯವರ ಮಗನಿಗಾಗಿ ನಮ್ಮ ಗದ್ದೆ ತೋಟ ಸುಡಬೇಕೇ? ಈ ವಾದ ನಿಮ್ಮ ಬಾಯಲ್ಲಿ ನಿಜವಾಗಿ ಗಟ್ಟಿಯಾಗುವವರೆಗೆ ಬಿಡಬೇಡಿ. ಆಮೇಲೆ ಅದೇ ಪ್ರಧಾನಿ ಮೊಘಲ್ ಸರದಾರನಿಂದ ಆಗಲೇ ಒಂದು ಪತ್ರ ಪಡೆದಿದ್ದಾನೆ ಎಂದುಕೊಂಡು ಅದೇ ಐದು ನಿಮಿಷ ಮತ್ತೆ ಹೇಳಿ. ಮಾತು ಒಂದಕ್ಷರ ಬದಲಾಗಬಾರದು. ಏನು ಬದಲಾಯಿತು ಎಂದು ಕೇಳುತ್ತಿದ್ದವರನ್ನು ಕೇಳಿ. “ಸ್ವಲ್ಪ ಹೆಚ್ಚು ನಿಧಾನವಾದಿರಿ” ಎಂದೋ “ಕೊನೆಗೆ ನಮ್ಮ ಕಣ್ಣು ನೋಡಲಿಲ್ಲ” ಎಂದೋ ಹೇಳುತ್ತಾರೆ. ನಿಮ್ಮ ಪಾತ್ರದ ಗುಟ್ಟು ಸೋರುವ ಜಾಗ ಅದು. ರಂಗದಲ್ಲಿ ಅದನ್ನು ಎಲ್ಲಿ ಸೋರಿಸಬೇಕು, ಎಲ್ಲಿ ಮುಚ್ಚಬೇಕು ಎಂಬುದನ್ನು ಆಮೇಲೆ ನಿರ್ದೇಶಕರ ಜೊತೆ ಕೂತು ಗೊತ್ತುಮಾಡಿ.

ಮಾತು: ಒತ್ತು ಎಲ್ಲಿ ಬೀಳಬೇಕು

ಈ ಸಾಲು ನೋಡಿ: “ದಳವಾಯಿಗಳ ನಿಷ್ಠೆಯಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ, ಪ್ರಭು.”

“ನನಗೆ” ಎಂಬಲ್ಲಿ ಒತ್ತಿದರೆ ಬೇರೆ ಯಾರಿಗೋ ಸಂಶಯವಿದೆ ಎಂದಾಯಿತು. “ನಿಷ್ಠೆಯಲ್ಲಿ” ಎಂಬಲ್ಲಿ ಒತ್ತಿದರೆ ನಿಷ್ಠೆ ಸರಿ, ಸಾಮರ್ಥ್ಯದ ಮಾತೇ ಬೇರೆ ಎಂದಾಯಿತು. “ದಳವಾಯಿಗಳ” ಎಂಬಲ್ಲಿ ಒತ್ತಿದರೆ ಅವರ ಸುತ್ತ ಇರುವವರ ಮೇಲೆ ಬೆರಳು ಹೋಯಿತು. ಎಲ್ಲಿಯೂ ಒತ್ತದೆ, ಕೇಳದೇ ಇರುವಾಗ ಸುಮ್ಮನೆ ಹೇಳಿಬಿಟ್ಟರೆ “ಇದನ್ನು ಈಗ ಯಾಕೆ ಹೇಳಿದೆ?” ಎಂಬ ಪ್ರಶ್ನೆ ರಾಜನಲ್ಲಿ ತಾನಾಗಿ ಏಳುತ್ತದೆ. ನಾಲ್ಕರಲ್ಲಿ ನಾಲ್ಕನೆಯದೇ ಎಲ್ಲಕ್ಕಿಂತ ಚೂಪು ಎಂದು ನಮ್ಮ ಅಭಿಪ್ರಾಯ. ತಾಲೀಮಿನಲ್ಲಿ ಮಾತ್ರ ನಾಲ್ಕನ್ನೂ ಆಡಿ ನೋಡಿ.

ಪ್ರತ್ಯಯಗಳ ಮೇಲೂ ಕಣ್ಣಿಡಿ. “ದಳವಾಯಿಗಳೂ ನಿಷ್ಠಾವಂತರೇ” ಎಂಬಲ್ಲಿ ಊಕಾರ, ಏಕಾರಗಳೇ ವಿಷ ಕಕ್ಕುವ ಕೆಲಸ ಮಾಡುತ್ತಿವೆ. ಅವನ್ನು ರಬ್ಬರಿನಂತೆ ಎಳೆದರೆ ಕೆಟ್ಟಿತು. ದೀರ್ಘಸ್ವರಕ್ಕೆ ಎಷ್ಟು ಮಾತ್ರೆಯೋ ಅಷ್ಟೇ ಕೊಟ್ಟು, ವಾಕ್ಯ ಮುಗಿದ ಮೇಲೆ ಒಂದುಸಿರಿನಷ್ಟು ಸುಮ್ಮನಿರಿ.

ಗ್ರಾಂಥಿಕ ಮಾತು ನಾಲಿಗೆಗೆ ಬರಲು ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಬೇಕು. ಅಕಾರ ಹಕಾರ ಅದಲುಬದಲಾಗುವುದು, ಮಹಾಪ್ರಾಣ ಬಿದ್ದುಹೋಗುವುದು, ಶಕಾರ ಸಕಾರ ಒಂದೇ ಆಗುವುದು, ಈ ಮೂರು ಬಹಳ ಕಡೆ ಕೇಳಿಬರುತ್ತವೆ. ಸೈನಿಕನ ಬಾಯಲ್ಲಿ “ರಾಜಾಜ್ಞೆ” ಸ್ವಲ್ಪ ಜಾರಿದರೆ ನಡೆದೀತು. ಮಾತೇ ಬಂಡವಾಳವಾದ ಪ್ರಧಾನಿಗೆ ನಡೆಯದು.

ಪಿಸುಮಾತಿನ ಸಾಲುಗಳಿಗೆ ನಿಜವಾಗಿ ಪಿಸುಗುಟ್ಟಬೇಡಿ. ಬರೀ ಗಾಳಿ ಮೂರನೆಯ ಸಾಲನ್ನೂ ಮುಟ್ಟುವುದಿಲ್ಲ, ಗಂಟಲೂ ಒಣಗುತ್ತದೆ. ದನಿಯನ್ನು ತಗ್ಗಿಸಿ, ಎದೆಯಿಂದ ತೆಗೆದು, ವ್ಯಂಜನಗಳನ್ನು ಗಟ್ಟಿಯಾಗಿ ಕಡಿಯಿರಿ. ಸಭಾಂಗಣದ ಕೊನೆಯ ಸಾಲಿನಲ್ಲಿ ಒಬ್ಬರನ್ನು ಕೂರಿಸಿ, ಕೇಳಿದ್ದನ್ನು ಅವರಿಂದ ಬರೆಸಿ. ತಪ್ಪಾಗಿ ಬರೆದ ಪದಗಳು ಯಾವುವು ಎಂದು ನೋಡಿದರೆ ತಿದ್ದಬೇಕಾದ್ದು ತಿಳಿಯುತ್ತದೆ.

ಮೂರನೆಯ, ನಾಲ್ಕನೆಯ ವಾರ: ಮೈ, ದೂರ, ಶಲ್ಯ

ಮೈಯನ್ನು ಗೂನು ಮಾಡಬೇಡಿ, ಕೈ ಹೊಸೆಯಬೇಡಿ. ಒಂದೇ ಒಂದು ಅಭ್ಯಾಸವನ್ನು ಆರಿಸಿಕೊಳ್ಳಿ. ಉಂಗುರವನ್ನು ತಿರುವುವುದೋ, ಕಡತದ ಅಂಚನ್ನು ಸರಿಮಾಡುವುದೋ ಸಾಕು. ಇಡೀ ನಾಟಕದಲ್ಲಿ ಮೂರು ಸಲ, ಅದೂ ಅವನ ಲೆಕ್ಕ ತಪ್ಪಿದ ಕ್ಷಣದಲ್ಲಿ ಮಾತ್ರ ಅದು ಬರಲಿ. ಉಳಿದಂತೆ ಎಲ್ಲರಿಗಿಂತ ಕಡಿಮೆ ಚಲಿಸುವವನು ಪ್ರಧಾನಿಯೇ ಆಗಿರಬೇಕು. ಸುತ್ತ ಎಲ್ಲರೂ ಅಲುಗಾಡುವಾಗ ಅಲುಗದವನ ಕಡೆಗೆ ಪ್ರೇಕ್ಷಕರ ಕಣ್ಣು ತಾನಾಗಿ ಹೋಗುತ್ತದೆ.

ರಾಜನಿಂದ ನಿಲ್ಲುವ ದೂರವನ್ನು ಅಂಕಕ್ಕೆ ಅಂಕ ಕಡಿಮೆ ಮಾಡುತ್ತ ಬನ್ನಿ. ಮೊದಲ ಅಂಕದಲ್ಲಿ ಆರು ಅಡಿ, ಮಧ್ಯದಲ್ಲಿ ನಾಲ್ಕು, ರಾಜ ಪೂರ್ತಿ ಕೈವಶವಾದಾಗ ಎರಡು. ತಾಲೀಮಿನ ನೆಲದಲ್ಲಿ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ನಿಲ್ಲುವ ಜಾಗ ಅರ್ಧ ಹೆಜ್ಜೆ ಹಿಂದೆ ಇರಲಿ. ರಾಜ ಮಾತು ಕೇಳಲು ತಲೆ ತಿರುಗಿಸಬೇಕಾಗುತ್ತದೆ, ಆ ತಿರುಗಿಸುವಿಕೆಯೇ ಇಬ್ಬರ ಸಂಬಂಧವನ್ನು ಹೇಳುತ್ತದೆ. ತೀರಾ ಹಿಂದೆ ಸರಿದರೆ ಮಾತ್ರ ಪ್ರಧಾನಿಯ ಮುಖ ರಾಜನ ಪೇಟದ ಮರೆಗೆ ಹೋಗುತ್ತದೆ. ಎಡ, ಬಲ, ನಡುವಿನ ಪ್ರೇಕ್ಷಕರ ಕುರ್ಚಿಯಲ್ಲಿ ಒಬ್ಬೊಬ್ಬರನ್ನು ಕೂರಿಸಿ ಪರೀಕ್ಷೆ ಮಾಡಿ.

ಶಲ್ಯದ ವಿಷಯವನ್ನು ಬಹಳ ತಂಡಗಳು ಕಡೆಗಣಿಸುತ್ತವೆ. ದೇವರ ಮುಂದೆ, ದೊಡ್ಡವರ ಮುಂದೆ ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಸುತ್ತಿಕೊಳ್ಳುವ ರೂಢಿ ಇಂದಿಗೂ ನಮ್ಮ ದೇವಸ್ಥಾನಗಳಲ್ಲಿ ಕಾಣುತ್ತದೆ. ಮೊದಲ ಅಂಕದಲ್ಲಿ ರಾಜನ ಮುಂದೆ ಬರುವಾಗ ಪ್ರಧಾನಿ ಶಲ್ಯವನ್ನು ಸೊಂಟಕ್ಕೆ ಸುತ್ತಲಿ. ಎರಡನೆಯ ಅಂಕದಲ್ಲಿ ಸುತ್ತಲು ತುಸು ತಡ ಮಾಡಲಿ. ಮೂರನೆಯದರಲ್ಲಿ ಹೆಗಲ ಮೇಲೇ ಉಳಿಸಿಕೊಂಡು ಮಾತಾಡಲಿ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ನಮ್ಮ ಪ್ರೇಕ್ಷಕರು ಇದನ್ನು ಹಿಡಿಯುತ್ತಾರೆ. ಶಲ್ಯ ಎರಡೂವರೆ ಮೀಟರ್ ಹತ್ತಿಯದಿರಲಿ. ನೈಲಾನ್ ಮಿಶ್ರದ್ದು ಸೊಂಟದಿಂದ ಜಾರುತ್ತದೆ, ಜಾರಿದಾಗ ಕೈ ಅಲ್ಲಿಗೇ ಓಡುತ್ತದೆ.

ಕೈಯಲ್ಲಿ ಹಿಡಿಯುವುದು: ಕಡತ ಮತ್ತು ವೀಳ್ಯ

ಪ್ರಧಾನಿಯ ಕೈಗೆ ಸುರುಳಿ ಸುತ್ತಿದ ಚಾರ್ಟ್ ಪೇಪರ್ ಕೊಡುವ ಪದ್ಧತಿ ಬಿಡಿ. ಆ ಕಾಲದ ಕನ್ನಡ ನಾಡಿನ ಕಚೇರಿಗಳಲ್ಲಿ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ: ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪು ಮಾಡಿದ ಬಟ್ಟೆ, ಮಡಿಕೆ ಮಡಿಕೆಯಾಗಿ ಮಡಚಿದ್ದು, ಮೇಲೆ ಬಳಪದ ಬಿಳಿ ಅಕ್ಷರ. ರಂಗಕ್ಕೆ ಇದಕ್ಕಿಂತ ಒಳ್ಳೆಯ ಪರಿಕರವಿಲ್ಲ. ಕಪ್ಪಿನ ಮೇಲಿನ ಬಿಳಿ ದೂರಕ್ಕೂ ಕಾಣುತ್ತದೆ. ಅದಕ್ಕಿಂತ ಮುಖ್ಯ, ಬರೆದದ್ದನ್ನು ಒರೆಸಿ ಬೇರೆ ಬರೆಯಬಹುದು. ರಾಜ ನೋಡಿ ಮುಗಿಸಿದ ಲೆಕ್ಕದ ಒಂದು ಸಾಲನ್ನು ಪ್ರಧಾನಿ ಹೆಬ್ಬೆರಳಿನಿಂದ ಒರೆಸಿದರೆ ಸಾಕು, ಒಂದು ಪುಟದ ಸ್ವಗತ ಉಳಿಯುತ್ತದೆ.

ಮಾಡುವುದು ಹೀಗೆ. ನೂರು ಗ್ರಾಂ ಹುಣಸೆಬೀಜ ಹುರಿದು, ಸಿಪ್ಪೆ ಬಿಡಿಸಿ, ರಾತ್ರಿ ನೆನೆಹಾಕಿ, ನುಣ್ಣಗೆ ಅರೆಯಿರಿ. ಸುಮಾರು ಒಂದು ಲೀಟರ್ ನೀರಿನಲ್ಲಿ ಕದಡಿ, ಗಂಜಿಯ ಹದಕ್ಕೆ ಬರುವವರೆಗೆ ಕಲಕುತ್ತ ಕುದಿಸಿ ಬಟ್ಟೆಯಲ್ಲಿ ಸೋಸಿ. ಸಣ್ಣಗೆ ಪುಡಿ ಮಾಡಿ ವಸ್ತ್ರಗಾಳಿತ ಮಾಡಿದ ಇದ್ದಿಲಿನ ಪುಡಿಯನ್ನು ಮೂರು ನಾಲ್ಕು ದೊಡ್ಡ ಚಮಚ ಸೇರಿಸಿ. ಇಪ್ಪತ್ತು ಸೆಂಟಿಮೀಟರ್ ಅಗಲ, ಎರಡು ಮೀಟರ್ ಉದ್ದದ ದಪ್ಪ ಹತ್ತಿ ಬಟ್ಟೆಯ ಎರಡೂ ಬದಿಗೆ ತೆಳುವಾಗಿ ಬಳಿದು ನೆರಳಲ್ಲಿ ಒಣಗಿಸಿ. ಹೀಗೆ ಮೂರು ಸಲ. ಪೂರ್ತಿ ಒಣಗಿದ ಮೇಲೆ ನುಣುಪಾದ ಕಲ್ಲಿನಿಂದಲೋ ಸ್ಟೀಲ್ ಲೋಟದ ತಳದಿಂದಲೋ ಉಜ್ಜಿ ನಯ ಮಾಡಿ, ಇಪ್ಪತ್ತು ಸೆಂಟಿಮೀಟರಿಗೊಂದರಂತೆ ಮಡಚಿ, ಎರಡು ತುದಿಗೂ ತೆಳು ಹಲಗೆ ಅಂಟಿಸಿ.

ಅಂಟು ದಪ್ಪವಾದರೆ ಮಡಿಕೆಯಲ್ಲಿ ಬಿರಿಯುತ್ತದೆ. ಇದ್ದಿಲು ಹೆಚ್ಚಾದರೆ ಕೈಗೆ ಹತ್ತಿ, ಕೈಯಿಂದ ಪಂಚೆಗೆ ಹತ್ತುತ್ತದೆ. ಕೊನೆಗೆ ಇದ್ದಿಲಿಲ್ಲದ ನೀರುಗಂಜಿಯನ್ನು ಒಂದು ಸಲ ಬಳಿದರೆ ಇದು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಮಾಡುವವರು ಬಚ್ಚಲ ಒಲೆಯ ಕಾವಿನ ಹತ್ತಿರ ಒಣಗಿಸಬೇಕು, ಇಲ್ಲದಿದ್ದರೆ ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಕಪ್ಪುಹಲಗೆಯ ಪೇಂಟ್ ಬಳಿಯುವ ಅಡ್ಡದಾರಿ ಬೇಡ. ಅದು ಮಡಚಿದಲ್ಲೆಲ್ಲ ಚಕ್ಕೆ ಏಳುತ್ತದೆ.

ಇನ್ನು ವೀಳ್ಯ. ಅರಸ ದಂಡನಾಯಕನಿಗೆ ವೀಳ್ಯ ಕೊಟ್ಟು ಕೆಲಸ ಒಪ್ಪಿಸುವುದು ಹಳೆಯ ಪದ್ಧತಿ. ಆ ತಟ್ಟೆ ಯಾರ ಕೈಯಲ್ಲಿದೆ ಎಂಬುದು ಸಣ್ಣ ಮಾತಲ್ಲ. ಮೊದಲ ಅಂಕದಲ್ಲಿ ತಟ್ಟೆ ಸೇವಕನ ಕೈಯಲ್ಲಿದ್ದು, ಕ್ರಮೇಣ ಪ್ರಧಾನಿಯ ಕೈಗೆ ಬಂದರೆ ಅಧಿಕಾರ ಎತ್ತ ಸರಿಯಿತೆಂದು ಕಣ್ಣಿಗೇ ಕಾಣುತ್ತದೆ. ಎಲೆ ಮಡಚುವ ಕೆಲಸ ಕಣ್ಣು ಮುಚ್ಚಿ ಮಾಡುವಷ್ಟು ರೂಢಿಯಾಗಬೇಕು: ತೊಟ್ಟು ಮುರಿ, ನಾರು ತೆಗೆ, ಸುಣ್ಣ ಸವರು, ಅಡಿಕೆ ಇಡು, ಮಡಚು. ಮಾತು ಈ ಕೆಲಸದ ಮೇಲೆ ಹರಿಯಬೇಕು. ಆದರೆ ರಂಗದ ಮೇಲೆ ನಿಜವಾದ ಅಡಿಕೆ, ಸುಣ್ಣ ಬಾಯಿಗೆ ಹಾಕಬೇಡಿ. ಜೊಲ್ಲು ತುಂಬಿ ಅಕ್ಷರ ಮಸುಕಾಗುತ್ತದೆ, ಅಡಿಕೆ ಚೂರು ನೆತ್ತಿಗೇರಿದರೆ ದೃಶ್ಯವೇ ನಿಂತುಹೋಗುತ್ತದೆ. ರಾಜನಿಗೆ ಬೆರಳಗಲದ ಬರೀ ಎಲೆಚೂರು ಸಾಕು.

ಸ್ವಗತ

ಪ್ರಧಾನಿ ತನ್ನ ಸಂಚನ್ನು ಪ್ರೇಕ್ಷಕರಿಗೆ ಹೇಳುವ ಸಾಲುಗಳನ್ನು ಊರಿಗೆಲ್ಲ ಸಾರುವಂತೆ ಹೇಳಬಾರದು. ಪ್ರೇಕ್ಷಕರನ್ನು ತನ್ನ ಕಡೆಯ ವಕೀಲರು ಎಂದುಕೊಂಡು ಮಾತಾಡಲಿ. ಅವರಿಗೆ ಅವನು ಒಪ್ಪಿಸುತ್ತಿದ್ದಾನೆ, ಹೆದರಿಸುತ್ತಿಲ್ಲ. ಸಭೆಯ ನಡುವೆ ಪಕ್ಕದವನಿಗೆ ಮಾತ್ರ ಹೇಳುವ ಮಾತಿಗೆ ನಾಟ್ಯಶಾಸ್ತ್ರ “ಜನಾಂತಿಕ” ಎನ್ನುತ್ತದೆ. ಉಂಗುರಬೆರಳು ಮಡಚಿದ ತ್ರಿಪತಾಕ ಹಸ್ತವನ್ನು ಮರೆ ಹಿಡಿಯುವುದು ಅದರ ಕ್ರಮ. ಶೈಲೀಕೃತ ಪ್ರಯೋಗವಾದರೆ ಇದು ಚೆನ್ನಾಗಿ ಒಪ್ಪುತ್ತದೆ. ವಾಸ್ತವ ಶೈಲಿಯ ನಾಟಕವಾದರೆ ಕಡತ ಬಿಚ್ಚಿ ತೋರಿಸುವ ನೆಪದಲ್ಲಿ ಅದನ್ನೇ ಮರೆ ಮಾಡಿಕೊಳ್ಳಿ.

ವೇಷ, ಬಣ್ಣ

ವೇಷದ ಅಂಗಡಿಯವರು ಪ್ರಧಾನಿಗೂ ರಾಜನಷ್ಟೇ ಜರಿ ಹೊದಿಸಿ ಕಳಿಸುತ್ತಾರೆ. ಒಪ್ಪಬೇಡಿ. ಕಚ್ಚೆಪಂಚೆ, ಒಂದೇ ಬಣ್ಣದ ಮೊಣಕಾಲುದ್ದದ ಅಂಗಿ, ಶಲ್ಯ, ರುಮಾಲು ಸಾಕು. ರಾಜ ಕೆಂಪಿನಲ್ಲಿದ್ದರೆ ಪ್ರಧಾನಿ ಗೋಧಿಬಣ್ಣ ಅಥವಾ ಮಾಸಲು ಹಸಿರಿನಲ್ಲಿರಲಿ. ಪೂರ್ತಿ ಕಪ್ಪು ಹಾಕಿದರೆ ಅದೇ ಕನ್ನಡಿ ಮುಂದಿನ ನಗುವಿನ ಕೆಲಸ ಮಾಡಿಬಿಡುತ್ತದೆ. ಬಾಡಿಗೆಯ ವೆಲ್ವೆಟ್ ನಮ್ಮ ಹವೆಯಲ್ಲಿ ಮುಗ್ಗುಲು ವಾಸನೆ ಹಿಡಿದಿರುತ್ತದೆ, ಹೀಗಾಗಿ ಎರಡು ದಿನ ಮೊದಲೇ ತರಿಸಿ ಬಿಸಿಲಿಗೆ ಹಾಕಿ.

ಕೆಳದಿ ಅರಸರು ವೀರಶೈವರು. ಅವರ ಆಸ್ಥಾನದಲ್ಲಿ ಲಿಂಗವಂತರೂ ಇದ್ದರು, ಬ್ರಾಹ್ಮಣರೂ ಇದ್ದರು. ನಿಮ್ಮ ಪಾತ್ರ ಯಾರೆಂದು ನಾಟಕ ಹೇಳಿದರೆ ಅದಕ್ಕೆ ತಕ್ಕಂತೆ ನಡೆಯಿರಿ. ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಇದ್ದವನ ಹೆಗಲಲ್ಲಿ ಜನಿವಾರವೂ ಇರುವ ಪ್ರಮಾದ ಬಾಡಿಗೆ ವೇಷಗಳಲ್ಲಿ ಆಗುತ್ತಲೇ ಇರುತ್ತದೆ. ಶಿಖೆಯನ್ನೋ ವಿಭೂತಿಯನ್ನೋ ಕೇಡಿತನದ ಗುರುತಾಗಿ ಬಳಸುವುದಂತೂ ಸಲ್ಲದು. ಅದರಿಂದ ಒಂದು ಸಮುದಾಯಕ್ಕೆ ನೋವು, ನಟನಿಗೆ ಸೋಮಾರಿತನ.

ಗಡ್ಡ ಬೇಕಿದ್ದರೆ ಆರು ವಾರ ಸ್ವಂತ ಗಡ್ಡ ಬಿಡುವುದೇ ಮೇಲು. ಅಂಟಿಸುವ ಕೃತಕ ಕೂದಲನ್ನು, ಅಂದರೆ ಕ್ರೇಪ್ ಹೇರ್ ಅನ್ನು, ಎಷ್ಟೇ ನೇರ ಮಾಡಿದ್ದರೂ ಮಲೆನಾಡಿನ ತೇವಕ್ಕೆ ಮತ್ತೆ ಸುರುಳಿಯಾಗುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಹಿಂದಿನ ದಿನವೇ ಅದನ್ನು ಅಂಟಿಸುವ ಸ್ಪಿರಿಟ್ ಗಮ್ ಅನ್ನು ಮೊಣಕೈ ಒಳಭಾಗಕ್ಕೆ ಹಚ್ಚಿ ತುರಿಕೆ ಬರುವುದಿಲ್ಲವೆಂದು ನೋಡಿಕೊಳ್ಳಿ. ಕ್ಷೌರ ಬೆಳಿಗ್ಗೆಯೇ ಮುಗಿಯಲಿ, ಆಗ ತಾನೇ ಬೋಳಿಸಿದ ಚರ್ಮಕ್ಕೆ ಗಮ್ ಉರಿಯುತ್ತದೆ. ಮುಖದ ಜಿಡ್ಡು ತೆಗೆದು, ಗಮ್ ಹಚ್ಚಿ, ಬೆರಳಿಗೆ ಅಂಟುವಷ್ಟು ಒಣಗಲು ಅರ್ಧ ನಿಮಿಷ ಬಿಟ್ಟು, ಗಲ್ಲದ ಕೆಳಗಿನಿಂದ ಶುರುಮಾಡಿ ತೆಳುಪದರಗಳಲ್ಲಿ ಮೇಲಕ್ಕೆ ಏರಿಸಿ, ಒದ್ದೆ ಬಟ್ಟೆಯಿಂದ ಒತ್ತಿ. ಒಮ್ಮೆಗೇ ದಪ್ಪ ಕಟ್ಟು ಅಂಟಿಸಿದರೆ ಬಾಯಿ ಅಗಲಿಸಿದಾಗ ಅಂಚು ಏಳುತ್ತದೆ. ತೆಗೆಯುವಾಗ ಕೀಳಬೇಡಿ, ಕೊಬ್ಬರಿ ಎಣ್ಣೆ ನೆನೆಸಿದ ಹತ್ತಿಯಿಂದ ಅಂಚಿನಿಂದ ಬಿಡಿಸಿಕೊಂಡು ಬನ್ನಿ.

ಹುಬ್ಬನ್ನು ಬಿಲ್ಲಿನಂತೆ ಬಾಗಿಸಬಾರದು. ಇದ್ದ ಹುಬ್ಬನ್ನು ಸ್ವಲ್ಪ ಗಾಢ ಮಾಡಿ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ನೆರಳು ಕೊಡಿ. ರಾಜ್ಯದ ಚಿಂತೆಯಲ್ಲಿ ಎದ್ದಿದ್ದಾನೆಂದು ರಾಜ ಓದಿಕೊಳ್ಳುತ್ತಾನೆ, ಬೇರೆ ಕಾರಣಕ್ಕೆ ಎದ್ದಿದ್ದಾನೆಂದು ಪ್ರೇಕ್ಷಕರು.

ಬೆಳಕು, ಮೈಕು, ಮಳೆ

ರುಮಾಲಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಲಿ. ಕೆಳಗಿಳಿದರೆ ಮೇಲಿನ ಬೆಳಕಿಗೆ ಕಣ್ಣು ಪೂರ್ತಿ ನೆರಳಿಗೆ ಹೋಗುತ್ತದೆ. ಈ ಪಾತ್ರದಲ್ಲಿ ಕಣ್ಣು ಕಾಣದಿದ್ದರೆ ಉಳಿಯುವುದು ಏನೂ ಇಲ್ಲ. ಬೆಳಕಿನವರಿಗೆ ಹೇಳಿ ರಾಜನ ಬೆಳಕಿನ ವೃತ್ತದ ಅಂಚಿನಲ್ಲಿ ನಿಮಗೆ ಜಾಗ ಮಾಡಿಸಿಕೊಳ್ಳಿ. ಕೆಳಗಿನಿಂದ ಹಾಕುವ ಹಸಿರು ಬೆಳಕಿಗೆ ಖಂಡಿತ ಬೇಡ ಎನ್ನಿ.

ಕಾಲರ್ ಮೈಕ್ ಕೊಟ್ಟರೆ ಎದೆಗೆ ಸಿಕ್ಕಿಸಬೇಡಿ, ಶಲ್ಯ ಉಜ್ಜಿ ಕರಕರ ಎನ್ನುತ್ತದೆ. ರುಮಾಲಿನ ಅಂಚಿನೊಳಗೆ ಹಣೆಯ ಮೇಲೆ ಬರುವಂತೆ ಟೇಪ್ ಹಾಕಿ, ತಂತಿಯನ್ನು ಕಿವಿಯ ಹಿಂದಿನಿಂದ ಬೆನ್ನಿಗೆ ಇಳಿಸಿ. ತೂಗುಮೈಕ್‌ಗಳಾದರೆ ಗುಟ್ಟಿನ ದೃಶ್ಯವನ್ನು ಅದರ ಕೆಳಗೇ ಇಡುವಂತೆ ನಿರ್ದೇಶಕರನ್ನು ಕೇಳಿ.

ತಗಡಿನ ಮಾಡಿನ ಸಭಾಭವನದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಡುವವರು ಮಳೆಯ ಸದ್ದಿಗೂ ತಾಲೀಮು ಮಾಡಬೇಕು. ಮಳೆ ಜೋರಾದಾಗ ಪ್ರಧಾನಿ ಕೂಗಿದರೆ ಮೂರು ಅಂಕದಲ್ಲಿ ಕಟ್ಟಿದ್ದು ಒಂದು ಕ್ಷಣದಲ್ಲಿ ಒಡೆಯುತ್ತದೆ. ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ: ಸದ್ದು ಏರಿದಾಗ ಪ್ರಧಾನಿ ಕಡತ ಬಿಚ್ಚಿ ಲೆಕ್ಕ ನೋಡತೊಡಗುತ್ತಾನೆ, ರಾಜ ಕಾಯುತ್ತಾನೆ. ತುಸು ಇಳಿದ ಮೇಲೆ ಮಾತು ಮುಂದುವರಿಯುತ್ತದೆ. ಇಳಿಯುವ ಲಕ್ಷಣವೇ ಇಲ್ಲದಿದ್ದರೆ ಇಬ್ಬರೂ ರಂಗದ ಮುಂಭಾಗಕ್ಕೆ ಬಂದು, ವೇಗ ತಗ್ಗಿಸಿ, ಪದಪದವಾಗಿ ಹೇಳಬೇಕು. ಕರೆಂಟ್ ಹೋದರೆ ಏನೆಂಬುದನ್ನೂ ಆಗಲೇ ತೀರ್ಮಾನಿಸಿ. ದರ್ಬಾರಿನ ದೃಶ್ಯದಲ್ಲಿ ಎರಡು ದೀಪದ ಕಂಬ ಉರಿಯುತ್ತಿದ್ದರೆ ಜನರೇಟರ್ ಶುರುವಾಗುವವರೆಗೆ ದೃಶ್ಯ ನಿಲ್ಲುವುದಿಲ್ಲ. ದೀಪದ ಹತ್ತಿರ ಶಲ್ಯದ ತುದಿ ಹೋಗದಂತೆ ಮಾತ್ರ ಜಾಗ ಗುರುತಿಸಿ, ವಿಂಗ್‌ನಲ್ಲಿ ಒಂದು ಬಕೆಟ್ ಮರಳು ಇಡಿ.

ಕೊನೆಯ ವಾರ ಮತ್ತು ಎರಡನೆಯ ಪ್ರದರ್ಶನ

ಕೊನೆಯ ವಾರ ಹೊಸದನ್ನು ಸೇರಿಸಬೇಡಿ. ಪೂರ್ಣ ವೇಷದಲ್ಲಿ ಎರಡು ಓಟ ಆಗಲಿ. ನಾಟಕ ನೋಡದ ಇಬ್ಬರನ್ನು ಕರೆದು ಕೂರಿಸಿ, ಮಧ್ಯಂತರದಲ್ಲಿ ಒಂದೇ ಪ್ರಶ್ನೆ ಕೇಳಿ: “ಪ್ರಧಾನಿ ಹೇಳಿದ್ದರಲ್ಲಿ ಸುಳ್ಳು ಯಾವುದು?” ಎಲ್ಲವೂ ಸುಳ್ಳು ಎಂದರೆ ನೀವು ಹೆಚ್ಚು ತೋರಿಸುತ್ತಿದ್ದೀರಿ. ಯಾವುದೂ ಇಲ್ಲ ಎಂದರೆ ಕಡತ ಒರೆಸಿದ್ದು ಕಾಣಿಸಿಲ್ಲ, ನಿಲ್ಲುವ ಕೋನ ಬದಲಿಸಿ. ಇಬ್ಬರೂ ಬೇರೆ ಬೇರೆ ಸಾಲು ಹೇಳಿ ತಮ್ಮಲ್ಲೇ ವಾದ ಶುರುಮಾಡಿದರೆ ಪಾತ್ರ ಹದಕ್ಕೆ ಬಂದಿದೆ.

ಮೊದಲ ಪ್ರದರ್ಶನ ಸಾಮಾನ್ಯವಾಗಿ ಚೆನ್ನಾಗಿ ಆಗುತ್ತದೆ, ಭಯವೇ ನಟನನ್ನು ಹಿಡಿತದಲ್ಲಿಡುತ್ತದೆ. ಕೆಡುವುದು ಎರಡನೆಯದರಲ್ಲಿ. ಹಿಂದಿನ ಸಲ ಶಲ್ಯದ ಜಾಗಕ್ಕೆ ಸಭೆಯಲ್ಲಿ ಸದ್ದಾಗಿತ್ತು, ಕಡತದ ಜಾಗಕ್ಕೆ ಚಪ್ಪಾಳೆ ಬಿದ್ದಿತ್ತು. ನಟ ಈಗ ಆ ಚಪ್ಪಾಳೆಗಾಗಿಯೇ ಆಡುತ್ತಾನೆ: ಬಟ್ಟೆಯನ್ನು ಬೀಸಿ ಹೆಗಲಿಗೆ ಹಾಕುತ್ತಾನೆ, ಸಾಲನ್ನು ಇಡೀ ಅಂಗೈಯಿಂದ ಒರೆಸುತ್ತಾನೆ. ಇದನ್ನು ತಡೆಯಲು ಮೊದಲ ಪ್ರದರ್ಶನದ ವಿಡಿಯೋ ಬೇಡ, ನೋಡಿದಷ್ಟೂ ನಟ ತನ್ನನ್ನೇ ಅನುಕರಿಸುತ್ತಾನೆ. ಬಣ್ಣ ಹಚ್ಚುವ ಮುಂಚೆ ಮೂರು ಕಂಬದ ನೋಟ್‌ಬುಕ್ ತೆಗೆದು ಎರಡನೆಯ ಕಂಬವನ್ನು ಮಾತ್ರ ಮೊದಲಿಂದ ಕೊನೆಯವರೆಗೆ ಓದಿ. ಇಪ್ಪತ್ತು ನಿಮಿಷದ ಕೆಲಸ. ನಿರ್ದೇಶಕರೂ ವಿಂಗ್‌ನಲ್ಲಿ ನಿಲ್ಲದೆ ಸಭೆಯಲ್ಲಿ ಕೂತು, ಮೊದಲ ಅಂಕ ಮುಗಿದ ಕೂಡಲೇ ಒಳಗೆ ಬಂದು ಕೈ ಹೆಚ್ಚಾಯಿತೋ ಇಲ್ಲವೋ ಎಂದು ಹೇಳಬೇಕು.